ರೋಮಿಯೋ ಜೂಲಿಯೆಟ್: ಗುಟ್ಟಿನ ಮದುವೆ, ಬಾಯಿತಪ್ಪಿ ಬಂದ ಅಪಶಕುನ (ಪದೇ ಪದೇ ಕೇಳುವ ಪ್ರಶ್ನೆಗಳು)

ಕಾಲೇಜಿನಲ್ಲಿ ಈ ನಾಟಕ ಪಾಠ ಮಾಡಿದಾಗಲೆಲ್ಲ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ವರ್ಷ ಬಾಯಲ್ಲಿ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಇಬ್ಬರೂ ಸಾಯುತ್ತಾರೆ. ಹೇಳಿಬಿಟ್ಟಿರಲ್ಲ ಸಾರ್ ಅಂತ ಬೈಯಬೇಡಿ. ಶೇಕ್ಸ್‌ಪಿಯರ್ ಕೂಡ ಮೊದಲ ಪುಟದಲ್ಲೇ ಹೇಳುತ್ತಾನೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತಲ್ಲಿ ಹೇಳಿ.

ಇಟಲಿಯ ವೆರೋನಾ ಊರು. ಮಾಂಟೆಗ್ಯೂ, ಕ್ಯಾಪುಲೆಟ್ ಅಂತ ಎರಡು ದೊಡ್ಡ ಮನೆತನ. ಹಳೇ ಜಗಳ. ಯಾಕೆ ಅಂತ ನಾಟಕದಲ್ಲಿ ಎಲ್ಲೂ ಹೇಳುವುದಿಲ್ಲ. ಭಾನುವಾರ ರಾತ್ರಿ ಕ್ಯಾಪುಲೆಟ್ ಮನೆಯ ಔತಣಕ್ಕೆ ಆ ಕಡೆಯ ಹುಡುಗ ರೋಮಿಯೋ ಮುಖವಾಡ ಹಾಕಿಕೊಂಡು ನುಗ್ಗುತ್ತಾನೆ. ಮನೆಮಗಳು ಜೂಲಿಯೆಟ್ ಕಣ್ಣಿಗೆ ಬೀಳುತ್ತಾಳೆ. ಸೋಮವಾರ ಮಧ್ಯಾಹ್ನ ಗುಟ್ಟಾಗಿ ಮದುವೆ. ಅದಾಗಿ ಗಂಟೆ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಎರಡು ಹೆಣ. ಒಂದು ರೋಮಿಯೋನ ಗೆಳೆಯ ಮರ್ಕ್ಯೂಷಿಯೋನದು, ಇನ್ನೊಂದು ಜೂಲಿಯೆಟ್‌ಳ ಅಣ್ಣನ ಸಮಾನನಾದ ಟಿಬಾಲ್ಟ್‌ನದು. ಟಿಬಾಲ್ಟ್‌ನನ್ನು ಕೊಂದದ್ದು ರೋಮಿಯೋ, ಅಂದರೆ ಮದುಮಗ. ಅವನಿಗೆ ಗಡಿಪಾರು. ವಾರ ಮುಗಿಯುವುದರೊಳಗೆ ಗಂಡ ಹೆಂಡತಿ ಇಬ್ಬರೂ ಸಮಾಧಿಯೊಳಗೆ.

ಅಷ್ಟು ಅವಸರ ಯಾಕೆ? ನಿನ್ನೆ ನೋಡಿ ಇವತ್ತು ಮದುವೆಯಾ?

ಈ ಅವಸರ ಶೇಕ್ಸ್‌ಪಿಯರ್‌ನ ಕೈಚಳಕ. ಕಥೆ ಅವನದಲ್ಲ. ಆರ್ಥರ್ ಬ್ರೂಕ್ ಅನ್ನುವವನು 1562ರಲ್ಲಿ ಇದೇ ಕಥೆಯನ್ನು ಉದ್ದನೆಯ ಪದ್ಯವಾಗಿ ಇಂಗ್ಲಿಷಿನಲ್ಲಿ ಬರೆದಿದ್ದ. ಅವನಿಗಿಂತ ಮುಂಚೆ ಇಟಲಿಯಲ್ಲಿ ಬೇರೆಯವರು ಬರೆದಿದ್ದರು. ಬ್ರೂಕ್‌ನಲ್ಲಿ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ಗುಟ್ಟಾಗಿ ಮದುವೆಯಾದವರು ಗುಟ್ಟಾಗಿಯೇ ಸಂಸಾರ ಮಾಡಿಕೊಂಡು ಒಂದಷ್ಟು ಕಾಲ ಸುಖವಾಗಿರುತ್ತಾರೆ. ಶೇಕ್ಸ್‌ಪಿಯರ್ ಅದನ್ನೆಲ್ಲ ಹಿಂಡಿ ನಾಲ್ಕೈದು ದಿನಕ್ಕೆ ಇಳಿಸಿದ. ಹುಡುಗಿಯ ವಯಸ್ಸನ್ನೂ ಇಳಿಸಿದ. ಅಲ್ಲಿ 16ರ ಆಸುಪಾಸು, ಇಲ್ಲಿ ಇನ್ನೂ 14 ತುಂಬಿಲ್ಲ. ಅವರಿಗೆ ಯೋಚನೆ ಮಾಡಲು, ಯಾರಿಗಾದರೂ ಹೇಳಲು, ಒಂದು ರಾತ್ರಿ ನಿದ್ದೆ ಮಾಡಿ ಎದ್ದು ಮನಸ್ಸು ಬದಲಾಯಿಸಲು ಸಮಯವೇ ಇಲ್ಲದ ಹಾಗೆ ಮಾಡಿದ.

ಇನ್ನೊಂದು ವಿಷಯ. ಮದುವೆ ಮಾತು ಎತ್ತುವವಳು ಜೂಲಿಯೆಟ್. ಹುಡುಗ ಚಂದ್ರನ ಮೇಲೆ ಆಣೆ ಇಡುತ್ತಾ ನಿಂತಿದ್ದರೆ ಅವಳು ನೇರವಾಗಿ ವಿಷಯಕ್ಕೆ ಬರುತ್ತಾಳೆ. ನಿನ್ನ ಉದ್ದೇಶ ಮದುವೆಯಾದರೆ ನಾಳೆ ಹೇಳಿಕಳಿಸು, ಎಲ್ಲಿ, ಎಷ್ಟು ಹೊತ್ತಿಗೆ ಅಂತ. ಸುಮ್ನೆ ಪ್ರೀತಿ ಪ್ರೇಮ ಅಂತ ಕನಸು ಕಾಣುವ ಹುಡುಗಿ ಅಂತ ಇವಳನ್ನು ತೋರಿಸುವವರು ಈ ಸಾಲನ್ನು ಓದಿಲ್ಲ ಅನ್ನಿಸುತ್ತದೆ.

ಪಾದ್ರಿ ಲಾರೆನ್ಸ್ ದೊಡ್ಡ ಮನುಷ್ಯ. ಅವನ್ಯಾಕೆ ಈ ಮದುವೆ ಮಾಡಿಸಲು ಒಪ್ಪಿಕೊಂಡ?

ಮೊದಲು ಬೈಯುತ್ತಾನೆ. ನಿನ್ನೆಯವರೆಗೆ ರೋಸಲೈನ್ ರೋಸಲೈನ್ ಅಂತ ಅಳುತ್ತಿದ್ದೆ, ಕೆನ್ನೆ ಮೇಲಿನ ಕಣ್ಣೀರಿನ ಕಲೆ ಕೂಡ ಹೋಗಿಲ್ಲ, ಇವತ್ತು ಇನ್ನೊಬ್ಬಳಾ ಅಂತ. ಆಮೇಲೆ ಒಂದು ಲೆಕ್ಕ ಹಾಕುತ್ತಾನೆ. ಈ ಮದುವೆಯಿಂದ ಎರಡು ಮನೆಗಳ ದ್ವೇಷ ಕರಗಬಹುದು. ಲೆಕ್ಕ ತಪ್ಪಲ್ಲ. ಕೊನೆಗೆ ಆಗುವುದೂ ಅದೇ, ಆದರೆ ಎರಡು ಹೆಣದ ಮುಂದೆ ನಿಂತು. ನನ್ನ ತಕರಾರು ಒಂದೇ. ಮನೆಗಳು ಒಂದಾಗಲಿ ಅಂತ ಮಾಡಿದ ಮದುವೆಯನ್ನು ಎರಡೂ ಮನೆಯಿಂದ ಮುಚ್ಚಿಟ್ಟರೆ ಅದು ಕೆಲಸ ಮಾಡುವುದು ಹೇಗೆ? ಔಷಧಿ ತಂದು ಕಪಾಟಿನಲ್ಲಿ ಬೀಗ ಹಾಕಿಟ್ಟ ಹಾಗೆ.

ಮದುವೆಯನ್ನು ವೇದಿಕೆಯ ಮೇಲೆ ಯಾಕೆ ತೋರಿಸುವುದಿಲ್ಲ?

ಒಳ್ಳೆಯ ಪ್ರಶ್ನೆ. ಎರಡನೇ ಅಂಕದ ಕೊನೆಯ ದೃಶ್ಯ ಬಹಳ ಚಿಕ್ಕದು. ರೋಮಿಯೋ ಬರುತ್ತಾನೆ, ಜೂಲಿಯೆಟ್ ಓಡಿ ಬರುತ್ತಾಳೆ, ಪಾದ್ರಿ ನಿಮ್ಮಿಬ್ಬರನ್ನೇ ಬಿಟ್ಟರೆ ಕಷ್ಟ, ಬೇಗ ಕೆಲಸ ಮುಗಿಸೋಣ ನಡೆಯಿರಿ ಅನ್ನುವ ಹಾಗೆ ಮಾತಾಡಿ ಒಳಗೆ ಕರೆದುಕೊಂಡು ಹೋಗುತ್ತಾನೆ. ಅಷ್ಟೇ. ಉಂಗುರ ಇಲ್ಲ, ಮಂತ್ರ ಇಲ್ಲ, ವಾದ್ಯ ಇಲ್ಲ. ರೋಮಿಯೋ ಕಡೆಯಿಂದ ಸುದ್ದಿ ತಂದ ಜೂಲಿಯೆಟ್‌ಳ ದಾದಿಯೂ ಆಗ ಅಲ್ಲಿಲ್ಲ, ರಾತ್ರಿಗೆ ಬೇಕಾದ ಹಗ್ಗದ ಏಣಿ ತರಲು ಹೋಗಿದ್ದಾಳೆ.

ಹಾಗಾಗಿ ಆ ಮದುವೆಗೆ ಬಂದವರು ಅಂತ ಯಾರಿದ್ದಾರೆ? ಬಾಗಿಲವರೆಗೆ ಹೋದ ನಾವು. ಮುಂದಿನ ದೃಶ್ಯದಲ್ಲಿ ಬೀದಿಯಲ್ಲಿ ಕತ್ತಿ ಹಿರಿದಾಗ ಅಲ್ಲಿರುವವರಲ್ಲಿ ವಿಷಯ ಗೊತ್ತಿರುವುದು ರೋಮಿಯೋಗೆ ಮತ್ತು ನಮಗೆ ಮಾತ್ರ. ಈ ಸ್ಥಿತಿಯಲ್ಲಿ ಪ್ರೇಕ್ಷಕರನ್ನು ಕೂರಿಸುವುದಕ್ಕೇ ಮದುವೆಯನ್ನು ಒಳಗೆ ಇಟ್ಟಿದ್ದು ಅಂತ ನನ್ನ ಅಂದಾಜು.

ಅಪ್ಪ ಅಮ್ಮನಿಗೆ ಹೇಳದೆ ಆದ ಮದುವೆ ಆಗಿನ ಕಾಲಕ್ಕೆ ಸಿಂಧುವಾಗಿತ್ತಾ?

ಇದನ್ನು ಹುಡುಗಿಯರು ಜಾಸ್ತಿ ಕೇಳುತ್ತಾರೆ. ಸ್ವಲ್ಪ ಉದ್ದ ಉತ್ತರ ಇದೆ.

ಯುರೋಪಿನ ಹಳೇ ಚರ್ಚ್ ನಿಯಮದಲ್ಲಿ ಗಂಡು ಹೆಣ್ಣು ಬಾಯಿಬಿಟ್ಟು ಒಪ್ಪಿಕೊಂಡರೆ ಮದುವೆ ಆದ ಹಾಗೆ. ಹುಡುಗಿಗೆ 12, ಹುಡುಗನಿಗೆ 14 ತುಂಬಿದರೆ ಸಾಕಿತ್ತು. ಗುಟ್ಟಾಗಿ ಆದವರು ತಪ್ಪು ಮಾಡಿದರು ಅಂತ ದಂಡ ಕಟ್ಟಬಹುದು, ಆದರೆ ಮದುವೆ ಬಿದ್ದುಹೋಗುವುದಿಲ್ಲ. ಇದರಿಂದ ಮೋಸ ಜಾಸ್ತಿ ಆಯಿತು. ಹಾಗಾಗಿ ಕ್ಯಾಥೊಲಿಕರು ಟ್ರೆಂಟ್ ಸಭೆಯಲ್ಲಿ, 1563ರಲ್ಲಿ, ಆ ಊರಿನ ಚರ್ಚಿನ ಪಾದ್ರಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿ ಇರಲೇಬೇಕು ಅಂತ ಕಟ್ಟಿದರು. ಈ ಅಳತೆಯಲ್ಲಿ ನೋಡಿದರೆ ನಮ್ಮ ಸೋಮವಾರದ ಮದುವೆ ಕಷ್ಟ. ಸಾಕ್ಷಿಗಳೇ ಇಲ್ಲ.

ಆದರೆ ನಾಟಕ ನೋಡಲು ಬಂದವರು ಲಂಡನ್ ಜನ. ಇಂಗ್ಲೆಂಡಿಗೆ ಈ ನಿಯಮ ತಾಗಲಿಲ್ಲ. ಅಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಬೇಕು, ಯಾರಿಗಾದರೂ ತಕರಾರಿದೆಯಾ ಅಂತ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿಗೆ 30 ದಿನ ನೋಟಿಸ್ ಅಂಟಿಸುತ್ತಾರಲ್ಲ, ಹತ್ತಿರ ಹತ್ತಿರ ಅದೇ ತರ್ಕ. ಕೂಗದೆ ಆದರೆ ತಪ್ಪು, ಆದರೂ ಮದುವೆ ಮದುವೆಯೇ. ಅದನ್ನು ಅಸಿಂಧು ಅನ್ನುವ ಕಾನೂನು ಅಲ್ಲಿ ಬಂದದ್ದು 1753ರಲ್ಲಿ. ಅಂದರೆ ಲಂಡನ್ ಪ್ರೇಕ್ಷಕರ ಲೆಕ್ಕದಲ್ಲಿ ರೋಮಿಯೋ ಜೂಲಿಯೆಟ್ ನಿಜವಾದ ಗಂಡ ಹೆಂಡತಿ. ಅಪ್ಪ ಅಮ್ಮ ಗೊತ್ತು ಮಾಡಿದ ವರ ಪ್ಯಾರಿಸ್ ಜೊತೆ ಅವಳಿಗೆ ಇನ್ನೊಂದು ಮದುವೆ ಮಾಡಿದರೆ ಅದು ಎರಡನೇ ಮದುವೆ, ಪಾಪ. ಅದನ್ನು ತಪ್ಪಿಸಿಕೊಳ್ಳಲು ಅವಳು ಸತ್ತ ಹಾಗೆ ನಿದ್ದೆ ಬರಿಸುವ ಮದ್ದು ಕುಡಿಯುವುದು ಬರೀ ಪ್ರೀತಿಗಾಗಿ ಅಲ್ಲ, ಈ ಹೆದರಿಕೆಗೂ ಹೌದು.

ಶೇಕ್ಸ್‌ಪಿಯರ್‌ಗೆ ಈ ಗಡಿಬಿಡಿ ಸ್ವಂತ ಅನುಭವ. 1582ರ ನವೆಂಬರಿನಲ್ಲಿ ಅವನ ಮದುವೆ. ಅವನಿಗೆ 18, ಹೆಂಡತಿ ಆ್ಯನ್‌ಗೆ 26, ಆಗಲೇ ಬಸುರಿ. ಮೂರು ಸಲ ಕೂಗುವ ಬದಲು ಒಂದೇ ಸಲ ಕೂಗಿ ಮುಗಿಸಲು ಬಿಷಪ್ ಕಚೇರಿಯಿಂದ ಲೈಸೆನ್ಸ್ ತಂದರು. ಇಬ್ಬರು ರೈತರು 40 ಪೌಂಡಿಗೆ ಜಾಮೀನು ನಿಂತರು. ಮುಂದಿನ ಮೇ ತಿಂಗಳಲ್ಲಿ ಮಗಳಿಗೆ ನಾಮಕರಣ. ಅವನ ಕಾಲದವನೇ ಆದ ಕವಿ ಜಾನ್ ಡನ್ 1601ರಲ್ಲಿ ಆ್ಯನ್ ಮೋರ್ ಅನ್ನುವವಳನ್ನು ಕದ್ದು ಮದುವೆಯಾಗಿ, ಮಾವನ ಸಿಟ್ಟಿಗೆ ಸಿಕ್ಕಿ, ಕೆಲಸ ಕಳೆದುಕೊಂಡು ಸ್ವಲ್ಪ ದಿನ ಜೈಲಿನಲ್ಲೂ ಇದ್ದ. ಕಟ್ಟುಕಥೆಯ ಮಾತಲ್ಲ, ಊರಲ್ಲಿ ನಡೆಯುತ್ತಿದ್ದದ್ದೇ.

ಮುನ್ಸೂಚನೆ ಅಂದರೆ ಏನು? ಸುಲಭವಾಗಿ ಹೇಳಿ.

ಮುಂದೆ ಆಗುವುದರ ಸುಳಿವನ್ನು ಈಗಲೇ, ಬೇರೆ ಯಾವುದೋ ಮಾತಿನ ವೇಷದಲ್ಲಿ ಕೊಡುವುದು. ನನಗೆ ಇದು ಅರ್ಥವಾದದ್ದು ತರಗತಿಯಲ್ಲಿ ಅಲ್ಲ, ಜಗಲಿಯ ಮೇಲೆ.

ಪರೀಕ್ಷೆಗೆ ಓದುತ್ತಾ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಔತಣದ ದೃಶ್ಯ. ಹುಡುಗ ಹೊರಟು ಹೋಗುತ್ತಿದ್ದಾನೆ, ಹೆಸರು ಗೊತ್ತಿಲ್ಲ. ಜೂಲಿಯೆಟ್ ದಾದಿಗೆ ಹೇಳುತ್ತಾಳೆ, ಹೋಗಿ ಹೆಸರು ಕೇಳಿ ಬಾ. ಹಿಂದೆಯೇ ತನ್ನಷ್ಟಕ್ಕೆ ಒಂದು ಮಾತು. ಅವನಿಗೆ ಮದುವೆ ಆಗಿಬಿಟ್ಟಿದ್ದರೆ ಗೋರಿಯೇ ನನಗೆ ಮದುವೆಯ ಹಾಸಿಗೆ.

ಅಜ್ಜಿಯ ಕೈ ನಿಂತಿತು. ಬೆರಳ ತುದಿಯಲ್ಲಿ ಸಿಪ್ಪೆ ಹಾಗೇ ಅಂಟಿಕೊಂಡಿತ್ತು. 'ಅಯ್ಯೋ, ಬಿಡ್ತು ಅನ್ನು ಅಂತ ಹೇಳೋಕೆ ಅಲ್ಲಿ ಒಬ್ಬರೂ ದೊಡ್ಡೋರು ಇರ್ಲಿಲ್ವೇನೋ?'

ಇದ್ದಳು, ದಾದಿ ಇದ್ದಳು. ಆದರೆ ಅವಳನ್ನು ಈಗಷ್ಟೇ ಹೆಸರು ಕೇಳಲು ಕಳಿಸಿ ಆಗಿದೆ! ಮಾತು ಗಾಳಿಯಲ್ಲಿ ಉಳಿಯಿತು, ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ. ನಾಲ್ಕು ದಿನಕ್ಕೆ ಅಕ್ಷರಶಃ ಹಾಗೇ ಆಗುತ್ತದೆ. ಅವತ್ತಿನಿಂದ ಈ ನಾಟಕದ ಮುನ್ಸೂಚನೆಗಳನ್ನು ಹುಡುಕಲು ನನಗೆ ಒಂದೇ ಪರೀಕ್ಷೆ. ಅಜ್ಜಿ ಎಲ್ಲಿ ಬಿಡ್ತು ಅನ್ನು ಅನ್ನುತ್ತಿದ್ದರು?

ಇದು ಪಶ್ಚಿಮದವರ ಸ್ವತ್ತೇನೂ ಅಲ್ಲ. ನಮ್ಮ ಹಳೇ ನಾಟಕಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ್ದನ್ನು ಪತಾಕಾಸ್ಥಾನಕ ಅಂತ ಕರೆಯುತ್ತಾರೆ. ಭವಭೂತಿಯ ಉತ್ತರರಾಮಚರಿತದಲ್ಲಿ ಸೀತೆ ರಾಮನ ತೋಳಿನ ಮೇಲೆ ಮಲಗಿದ್ದಾಳೆ. ಇವಳದ್ದು ಏನು ತಾನೇ ಪ್ರಿಯವಲ್ಲ, ವಿರಹ ಒಂದನ್ನು ಬಿಟ್ಟು ಅನ್ನುತ್ತಾನೆ ರಾಮ. ಅದೇ ಕ್ಷಣಕ್ಕೆ ಬಾಗಿಲು ಕಾಯುವವಳು ಬಂದು 'ಬಂದಿದೆ, ಪ್ರಭು' ಅನ್ನುವ ಹಾಗೆ ಹೇಳುತ್ತಾಳೆ. ಬಂದಿದ್ದು ದುರ್ಮುಖ ಅನ್ನುವ ಗೂಢಚಾರ. ಆದರೆ ನಮ್ಮ ಕಿವಿಗೆ ಬಿದ್ದದ್ದು, ವಿರಹ ಬಂದಿದೆ. ನಮ್ಮ ಮನೆಗಳಲ್ಲಿ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಎಲ್ಲರೂ ಒಮ್ಮೆ ಗೋಡೆ ಕಡೆ ನೋಡುವುದಿಲ್ವಾ, ಹಾಗೆ.

ಕೊನೆಯನ್ನು ಮೊದಲೇ ಹೇಳಿಬಿಟ್ಟರೆ ನೋಡಲು ಏನು ಉಳಿಯಿತು?

ಯಕ್ಷಗಾನದಲ್ಲಿ ಅಭಿಮನ್ಯು ಕಾಳಗ ನೋಡಲು ಹೋದವರು ಅವನು ಚಕ್ರವ್ಯೂಹದಿಂದ ವಾಪಸ್ ಬರಬಹುದು ಅಂತ ಹೋಗುತ್ತಾರಾ? ಬರುವುದಿಲ್ಲ ಅಂತ ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತಾರೆ. ಇಲ್ಲೂ ಅಷ್ಟೇ. ನಾಟಕ ಶುರುವಾಗುವ ಮೊದಲು ಒಬ್ಬ ಬಂದು 14 ಸಾಲಿನ ಪದ್ಯ ಹೇಳುತ್ತಾನೆ. ಗ್ರಹಚಾರ ಕೆಟ್ಟ ಪ್ರೇಮಿಗಳು, ಅವರು ಸತ್ತ ಮೇಲೆಯೇ ಮನೆಗಳ ಜಗಳ ನಿಂತದ್ದು, ಎರಡು ಗಂಟೆಯ ಆಟ ಅಂತ. 1623ರಲ್ಲಿ ಅವನ ನಾಟಕಗಳನ್ನು ಒಟ್ಟುಗೂಡಿಸಿ ಅಚ್ಚು ಮಾಡಿದ ದೊಡ್ಡ ಸಂಪುಟದಲ್ಲಿ ಈ ಪದ್ಯ ಇಲ್ಲ. 1597 ಮತ್ತು 1599ರ ಬಿಡಿ ಪುಸ್ತಕಗಳಲ್ಲಿ ಇದೆ. ಅದಿಲ್ಲದೆ ಓದಿ ನೋಡಿ, ಮೊದಲರ್ಧ ಪೂರ್ತಿ ತಮಾಷೆ ನಾಟಕದ ಹಾಗೆ ಕಾಣುತ್ತದೆ. ಪದ್ಯ ಸೇರಿಸಿದರೆ ಅದೇ ತಮಾಷೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮುಖ್ಯವಾದ ಮುನ್ಸೂಚನೆಗಳು ಯಾವುವು?

ತುಂಬಾ ಇವೆ. ನನಗೆ ಇಷ್ಟವಾದವು ಮಾತ್ರ ಹೇಳುತ್ತೇನೆ.

ಔತಣಕ್ಕೆ ಹೊರಟಾಗಲೇ ರೋಮಿಯೋಗೆ ಮನಸ್ಸು ಅಳುಕುತ್ತದೆ. ಈ ರಾತ್ರಿ ಶುರುವಾಗುವುದು ನನ್ನ ಅಕಾಲ ಮರಣದಲ್ಲಿ ಮುಗಿಯುತ್ತದೇನೋ ಅನ್ನುತ್ತಾನೆ. ಅಂದು, ಆದರೂ ನಡೆಯಿರಿ ಅನ್ನುತ್ತಾನೆ.

ಪಾದ್ರಿ ಮೊದಲ ಸಲ ಬರುವಾಗ ಅವನ ಕೈಯಲ್ಲಿ ಬುಟ್ಟಿ ಇರುತ್ತದೆ, ಬೆಳಗಿನ ಹೊತ್ತು ಗಿಡಮೂಲಿಕೆ ಕೀಳುತ್ತಿದ್ದಾನೆ. ಒಂದು ಪುಟ್ಟ ಹೂ ಹಿಡಿದು ಹೇಳುತ್ತಾನೆ, ಇದನ್ನು ಮೂಸಿದರೆ ಔಷಧಿ, ತಿಂದರೆ ಎದೆ ನಿಲ್ಲುತ್ತದೆ. ಆ ಮಾತಿನ ನಡುವೆಯೇ ರೋಮಿಯೋ ಒಳಗೆ ಬರುತ್ತಾನೆ, ಮದುವೆ ಮಾಡಿಸಿ ಅಂತ ಕೇಳಲು. ವಿಷವೂ ಮದ್ದೂ ಒಂದೇ ಹೂವಿನಲ್ಲಿ, ಆ ಹೂವಿನ ಪಕ್ಕ ಮದುಮಗ. ಮುಂದೆ ಜೂಲಿಯೆಟ್‌ಗೆ ಮದ್ದು ಸಿಗುವುದು ಈ ಪಾದ್ರಿಯ ಕೈಯಿಂದ, ರೋಮಿಯೋಗೆ ವಿಷ ಸಿಗುವುದು ಅವನು ಗಡಿಪಾರಾಗಿ ಹೋದ ಮಾಂಟುವಾ ಊರಿನಲ್ಲಿ ಔಷಧಿ ಮಾರುವ ಒಬ್ಬ ಬಡವನಿಂದ, 40 ಡ್ಯೂಕಟ್ ನಾಣ್ಯ ಕೊಟ್ಟು.

ಮದುವೆಗೆ ಒಳಗೆ ಹೋಗುವ ಮುಂಚಿನ ಮಾತಂತೂ ಅಜ್ಜಿ ಕಿವಿ ಮುಚ್ಚಿಕೊಳ್ಳುವಂಥದ್ದು. ಇವಳನ್ನು ನನ್ನವಳು ಅಂತ ಕರೆದರೆ ಸಾಕು, ಆಮೇಲೆ ಸಾವು ಏನು ಬೇಕಾದರೂ ಮಾಡಿಕೊಳ್ಳಲಿ ಅನ್ನುತ್ತಾನೆ ಹುಡುಗ. ಮದುವೆ ದಿನ! ಪಾದ್ರಿ ಬುದ್ಧಿ ಹೇಳುತ್ತಾನೆ, ಇಂಥ ಜೋರಿನ ಸುಖ ಜೋರಾಗಿಯೇ ಮುಗಿಯುತ್ತದೆ, ಬೆಂಕಿ ಮತ್ತು ಸಿಡಿಮದ್ದಿನ ಪುಡಿ ಮುತ್ತಿಟ್ಟ ಹಾಗೆ. ಹೀಗೆ ಹೇಳಿದವನೇ ಐದು ನಿಮಿಷಕ್ಕೆ ಬೆಂಕಿಯನ್ನೂ ಪುಡಿಯನ್ನೂ ಒಂದು ಮಾಡಿಸುತ್ತಾನೆ.

ಮಂಗಳವಾರ ಬೆಳಗಿನ ಜಾವ ಅವನು ಕಿಟಕಿಯಿಂದ ಇಳಿದು ಕೆಳಗೆ ನಿಂತಿದ್ದಾನೆ. ಮೇಲಿಂದ ನೋಡುವ ಅವಳಿಗೆ ಗೋರಿಯ ತಳದಲ್ಲಿ ಮಲಗಿದ ಹೆಣದ ಹಾಗೆ ಕಾಣುತ್ತಾನೆ. ಇಬ್ಬರೂ ಬದುಕಿರುವಾಗ ಒಬ್ಬರನ್ನೊಬ್ಬರು ನೋಡುವುದು ಅದೇ ಕೊನೆ.

ಗುಟ್ಟಿನ ಮದುವೆಗೂ ಮುನ್ಸೂಚನೆಗೂ ಏನು ಸಂಬಂಧ? ಎರಡನ್ನೂ ಒಟ್ಟಿಗೆ ಯಾಕೆ ಕೇಳುತ್ತಾರೆ?

ಎರಡೂ ಒಂದೇ ಯಂತ್ರದ ಎರಡು ಚಕ್ರ. ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನುವುದೇ ಈ ನಾಟಕ. ಮದುವೆಯ ಗುಟ್ಟು ಮನೆಯವರಿಗೆ ಗೊತ್ತಿಲ್ಲ. ಸಾವಿನ ಗುಟ್ಟು ಪ್ರೇಮಿಗಳಿಗೇ ಗೊತ್ತಿಲ್ಲ. ಎರಡೂ ಗೊತ್ತಿರುವುದು ನಮಗೆ.

ಬೀದಿ ಜಗಳ ನೋಡಿ. ಟಿಬಾಲ್ಟ್ ಬಂದು ಬೈಯುತ್ತಾನೆ. ರೋಮಿಯೋ ಈಗ ಅವನ ನೆಂಟ. ಹಾಗಾಗಿ ಕ್ಯಾಪುಲೆಟ್ ಅನ್ನುವ ಹೆಸರು ನನಗೆ ನನ್ನ ಹೆಸರಿನಷ್ಟೇ ಪ್ರೀತಿ, ಕಾರಣ ಆಮೇಲೆ ಗೊತ್ತಾಗುತ್ತದೆ ಅನ್ನುತ್ತಾನೆ. ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಮರ್ಕ್ಯೂಷಿಯೋಗೆ ಇದು ಹೇಡಿತನದ ಹಾಗೆ ಕಾಣುತ್ತದೆ. ಅವನು ಕತ್ತಿ ಹಿರಿಯುತ್ತಾನೆ, ಸಾಯುತ್ತಾನೆ. ನಾವು ಮದುವೆ ಮಾಡಿಕೊಂಡಿದ್ದೇವೆ ಅನ್ನುವ ಒಂದು ಮಾತು ಹೊರಗೆ ಬಂದಿದ್ದರೆ? ಗೊತ್ತಿಲ್ಲ, ಟಿಬಾಲ್ಟ್‌ಗೆ ಇನ್ನೂ ಸಿಟ್ಟು ಬರುತ್ತಿತ್ತೋ ಏನೋ. ಆದರೆ ಗೆಳೆಯ ಸಾಯುತ್ತಿರಲಿಲ್ಲ.

ಇನ್ನೂ ಒಳ್ಳೆಯ ಜಾಗ ಮೂರನೇ ಅಂಕದ ಐದನೇ ದೃಶ್ಯ. ಗಂಡ ಕಿಟಕಿಯಿಂದ ಇಳಿದು ಹೋದ ಕೂಡಲೇ ಅಮ್ಮ ಒಳಗೆ ಬರುತ್ತಾಳೆ. ಮಗಳು ಅಳುತ್ತಿದ್ದಾಳೆ, ಟಿಬಾಲ್ಟ್‌ಗಾಗಿ ಅಂತ ಅಮ್ಮ ಅಂದುಕೊಂಡಿದ್ದಾಳೆ. ಸಮಾಧಾನ ಮಾಡುತ್ತಾ, ಮಾಂಟುವಾಗೆ ಯಾರನ್ನಾದರೂ ಕಳಿಸಿ ಆ ರೋಮಿಯೋಗೆ ವಿಷ ಹಾಕಿಸುತ್ತೇನೆ ಅನ್ನುತ್ತಾಳೆ. ಜೂಲಿಯೆಟ್ ಉತ್ತರ ಕೊಡುವ ರೀತಿ ನೋಡಿ. ರೋಮಿಯೋನನ್ನು ಕಣ್ಣಾರೆ ನೋಡುವವರೆಗೆ ನನಗೆ ಸಮಾಧಾನವಿಲ್ಲ, ಸತ್ತು, ಹೋಗಿದೆ ನನ್ನ ಮನಸ್ಸು. ಸತ್ತು ಅನ್ನುವ ಮಾತನ್ನು ಹಿಂದಕ್ಕೂ ಕಟ್ಟಬಹುದು, ಮುಂದಕ್ಕೂ ಕಟ್ಟಬಹುದು. ಅಮ್ಮನ ಕಿವಿಗೆ ರೋಮಿಯೋ ಸತ್ತದ್ದನ್ನು ನೋಡಬೇಕು ಅಂತ ಕೇಳಿಸುತ್ತದೆ. ನಮಗೆ ಗಂಡನನ್ನು ನೋಡದೆ ಮನಸ್ಸು ಸತ್ತಿದೆ ಅಂತ. ಗುಟ್ಟು ಕಾಪಾಡಲು ಹೂಡಿದ ಜಾಣ ಮಾತು. ಆದರೆ ಅಮ್ಮನಿಗೆ ಕೇಳಿಸಿದ ಅರ್ಥವೇ ಕೊನೆಗೆ ನಿಜವಾಗುತ್ತದೆ. ವಿಷವೂ ಮಾಂಟುವಾದಿಂದಲೇ ಬರುತ್ತದೆ. ಅದೇ ದೃಶ್ಯದಲ್ಲಿ ಮಗಳು ಪ್ಯಾರಿಸ್‌ನನ್ನು ಒಲ್ಲೆ ಅಂದಾಗ ಅಮ್ಮ, ಇವಳಿಗೆ ಗೋರಿ ಜೊತೆ ಮದುವೆಯಾಗಲಿ ಅಂತ ಶಪಿಸುತ್ತಾಳೆ. ಹೆತ್ತ ಬಾಯಿ!

ವಿಧಿಯೋ, ಅವರವರ ತಪ್ಪೋ?

ಎರಡೂ. ನನಗೆ ತಪ್ಪಿನ ಕಡೆ ವಾಲು ಜಾಸ್ತಿ. ಅಪ್ಪ ಕ್ಯಾಪುಲೆಟ್ ಸೋಮವಾರ ರಾತ್ರಿ ಪ್ಯಾರಿಸ್‌ಗೆ ಮಾತು ಕೊಡುವಾಗ, ಬುಧವಾರ ತೀರಾ ಬೇಗ ಆಯಿತು, ಗುರುವಾರ ಇಟ್ಟುಕೊಳ್ಳೋಣ ಅನ್ನುತ್ತಾನೆ. ಮಂಗಳವಾರ ಮಗಳು ಪಾದ್ರಿಯ ಉಪಾಯದಂತೆ ಬಂದು, ತಪ್ಪಾಯಿತು ಅಪ್ಪ, ನೀವು ಹೇಳಿದ ಹಾಗೆ ಅನ್ನುತ್ತಾಳೆ. ಅಪ್ಪನಿಗೆ ಎಷ್ಟು ಖುಷಿ ಅಂದರೆ ಮದುವೆಯನ್ನು ಮತ್ತೆ ಬುಧವಾರಕ್ಕೇ ಎಳೆದುಬಿಡುತ್ತಾನೆ. ಒಂದು ದಿನ ಹೋಯಿತು. 42 ಗಂಟೆ ನಿದ್ದೆ ಬರಿಸುವ ಮದ್ದನ್ನು ಅವಳು ಅದೇ ರಾತ್ರಿ ಕುಡಿಯಬೇಕಾಯಿತು.

ವಿಧಿ ಅನ್ನಬೇಕಾದರೆ ಕಾಗದದ ವಿಷಯ. ಈ ನಿದ್ದೆಯ ಉಪಾಯ ತಿಳಿಸುವ ಪತ್ರವನ್ನು ರೋಮಿಯೋಗೆ ಒಯ್ಯಬೇಕಿದ್ದ ಪಾದ್ರಿ ಜಾನ್ ರೋಗಿಗಳನ್ನು ನೋಡುವ ಇನ್ನೊಬ್ಬನನ್ನು ಜೊತೆಗೆ ಕರೆಯಲು ಹೋಗಿ, ಪ್ಲೇಗ್ ಇರುವ ಮನೆಯಲ್ಲಿದ್ದವರು ಅನ್ನುವ ಅನುಮಾನಕ್ಕೆ ಸಿಕ್ಕುತ್ತಾನೆ. ಬಾಗಿಲಿಗೆ ಮುದ್ರೆ ಹಾಕಿಬಿಡುತ್ತಾರೆ. 2020ರ ಮೊದಲು ಇದನ್ನು ಕಷ್ಟಪಟ್ಟು ವಿವರಿಸುತ್ತಿದ್ದೆ. ಈಗ ಸೀಲ್‌ಡೌನ್ ಅಂದರೆ ಸಾಕು. ಪ್ಲೇಗಿನಿಂದ 1592ರಿಂದ 94ರವರೆಗೆ ಲಂಡನ್ ನಾಟಕಶಾಲೆಗಳೇ ಬಹುಪಾಲು ಮುಚ್ಚಿದ್ದವು. ಅದನ್ನು ಕಂಡವನು ಬರೆದ ನಾಟಕ ಇದು.

ಶಾಕುಂತಲದಲ್ಲೂ ಗುಟ್ಟಿನ ಮದುವೆಯೇ ಅಲ್ವಾ?

ಹೌದು, ಸಾಕಿದ ಅಪ್ಪ ಕಣ್ವ ಊರಲ್ಲಿ ಇಲ್ಲದಾಗ ಗಾಂಧರ್ವ ವಿವಾಹ. ಅಲ್ಲೂ ಮುನ್ಸೂಚನೆ ಇದೆ, ಅದೂ ನಾಟಕ ಶುರುವಾಗುವ ಮೊದಲೇ. ನಟಿಯ ಹಾಡು ಕೇಳಿ ಮೈಮರೆತ ಸೂತ್ರಧಾರ ಇವತ್ತು ಯಾವ ನಾಟಕ ಆಡಬೇಕು ಅನ್ನುವುದನ್ನೇ ಮರೆಯುತ್ತಾನೆ. ನಾವು ನಗುತ್ತೇವೆ. ಮುಂದೆ ದುಷ್ಯಂತ ಹೆಂಡತಿಯನ್ನೇ ಮರೆತಾಗ ಆ ನಗು ನೆನಪಾಗುತ್ತದೆ. ತುಂಬಿದ ಸಭೆಯಲ್ಲಿ, ಶಕುಂತಲೆಯ ಜೊತೆಗೆ ಬಂದ ಆಶ್ರಮದ ಹಿರಿಯಳು ಗೌತಮಿ ದುಷ್ಯಂತನಿಗೆ ಹೇಳುವ ಮಾತು ಇನ್ನೂ ಹರಿತ. ಅವಳು ದೊಡ್ಡವರನ್ನು ಕೇಳಲಿಲ್ಲ, ನೀನೂ ನಿನ್ನವರನ್ನು ಕೇಳಲಿಲ್ಲ, ಇಬ್ಬರೇ ಮಾಡಿಕೊಂಡದ್ದಕ್ಕೆ ಯಾರು ಯಾರಿಗೆ ಏನು ಹೇಳುವುದು? ವ್ಯತ್ಯಾಸ ಒಂದೇ. ಅಲ್ಲಿ ಕಳೆದ ಉಂಗುರ ಮೀನಿನ ಹೊಟ್ಟೆಯಿಂದ ಸಿಗುತ್ತದೆ. ಇಲ್ಲಿ ತಲುಪದ ಕಾಗದ ತಲುಪುವುದೇ ಇಲ್ಲ.

ಬಾಲ್ಕನಿ ದೃಶ್ಯ ಯಾವ ಅಂಕದಲ್ಲಿದೆ?

ಎರಡನೇ ಅಂಕದಲ್ಲಿ. ಬಾಲ್ಕನಿ ಅನ್ನುವ ಪದ ನಾಟಕದಲ್ಲಿ ಎಲ್ಲೂ ಇಲ್ಲ. ಅವಳು ಮೇಲೆ ಕಿಟಕಿ ಹತ್ತಿರ ಇದ್ದಾಳೆ, ಅಷ್ಟೇ.

ಪರೀಕ್ಷೆಯಲ್ಲಿ ಯಾವ ಉದಾಹರಣೆ ಬರೆಯಲಿ?

ಎಲ್ಲರೂ ಗ್ರಹಚಾರದ ಪದ್ಯ ಬರೆಯುತ್ತಾರೆ. ಅದು ಸುಳಿವಲ್ಲ, ನೇರ ಘೋಷಣೆ. ಗೋರಿ ಮತ್ತು ಮದುವೆ ಹಾಸಿಗೆಯ ಸಾಲು ಬರೆಯಿರಿ, ಅಮ್ಮ ಮಗಳ ಎರಡರ್ಥದ ಮಾತು ಬರೆಯಿರಿ. ಯಾರು, ಯಾರ ಮುಂದೆ, ಆಗ ಯಾರಿಗೆ ಏನು ಗೊತ್ತಿಲ್ಲ ಅಂತ ಒಂದು ಸಾಲು ಸೇರಿಸಿ. ಅಂಕ ಕೊಡದೆ ಇರಲು ಆಗುವುದಿಲ್ಲ.

ಕನ್ನಡದಲ್ಲಿ ಇದನ್ನು ಸುಖಾಂತ ಮಾಡಿದ್ದರಂತೆ, ನಿಜವಾ?

ನಿಜ. 19ನೇ ಶತಮಾನದ ಕೊನೆಯಲ್ಲಿ, ಶೇಕ್ಸ್‌ಪಿಯರ್‌ನನ್ನು ನಮ್ಮ ಹೆಸರು, ನಮ್ಮ ಊರು ಕೊಟ್ಟು ಕರೆತರುತ್ತಿದ್ದ ಕಾಲದಲ್ಲಿ, ಇದು ರಾಮವರ್ಮ ಲೀಲಾವತಿ ಆಗಿ ಬಂತು. ಆಗಿನ ಜನಕ್ಕೆ ಪ್ರೇಮಿಗಳು ಸತ್ತು ಪರದೆ ಬೀಳುವುದು ಒಗ್ಗುತ್ತಿರಲಿಲ್ಲ. ಹಾಗಾಗಿ ಕೊನೆಯನ್ನು ಶುಭ ಮಾಡಿದರು. ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗರು ನಗುತ್ತಾರೆ, ಹಾಗಾದರೆ ಅಷ್ಟೊಂದು ಅಪಶಕುನದ ಮಾತು ಎಲ್ಲಿಗೆ ಹೋಯಿತು ಸಾರ್ ಅಂತ. ನಾನು ನಗುವುದಿಲ್ಲ. ಯಾರೋ ದೊಡ್ಡವರು ಪಕ್ಕದಲ್ಲಿ ಕೂತು ಪ್ರತಿ ಸಾಲಿಗೂ ಬಿಡ್ತು ಅನ್ನಿಸಿದ್ದಾರೆ. ಅಜ್ಜಿ ಬರೆದಿದ್ದರೂ ಹಾಗೇ ಬರೆಯುತ್ತಿದ್ದರು.